ನಾಲ್ಕು ಮಡಿಕೆಯ ಪಾಠ

"ಬರೀ ಸೋಪಿನ ನೀರಾದ್ರೆ ಈ ಡ್ರಮ್ಮಿನ ಮೇಲೆ ಇಷ್ಟುದ್ದದ ಪುರಾಣ ಯಾಕೆ ಬರೆದಿದಾರೆ?"

ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಅತ್ತಿಗೆ ಕೇಳಿದ ಪ್ರಶ್ನೆಗೆ ಮೇಸ್ತ್ರಿ ನಕ್ಕ. ಓದಿ ನೀನೇನು ಡಾಕ್ಟರಾಗಬೇಕಾ ಎಂದ. ಆ ನಗೆಯೇ ಅವಳನ್ನು ಕೆರಳಿಸಿತು. ನಗುವಂಥದ್ದು ಅದರಲ್ಲಿ ಏನಿದೆ?

ಮಗಳ ಹಳೇ ಪುಸ್ತಕದಿಂದ ಇಂಗ್ಲಿಷ್ ಅಕ್ಷರ ಕಲಿತಳು. ಅರ್ಥಕ್ಕೆ ಕೊಳೆಬಟ್ಟೆಯ ಗಂಟು ತರುವ ನರ್ಸಮ್ಮ ಇದ್ದಳು. ದಿನಕ್ಕೊಂದೇ ಪದ ಕೇಳು, ತಪ್ಪದೆ ಕೇಳು ಎಂದು ನರ್ಸಮ್ಮ ನೇಮ ಮಾಡಿದಳು.

ಹಾಸಿಗೆಯ ಬಟ್ಟೆ ಮಡಚಲು ಇಬ್ಬರು ಬೇಕು. ಒಂದು ತುದಿ ಅತ್ತಿಗೆಯದು, ಇನ್ನೊಂದು ಜೊತೆಗೇ ಕೆಲಸ ಮಾಡುವ ನಾದಿನಿಯದು. ಒಂದೊಂದು ಮಡಿಕೆಗೂ ಒಂದೊಂದು ಪದ: ಮೂರು ಹಳೆಯವು, ಒಂದು ಹೊಸದು. ಮರೆತರೆ ಬಟ್ಟೆ ಕೊಡವಿ ಮತ್ತೆ ಮೊದಲಿಂದ.

"ಈ ಬಟ್ಟೆಗೆ ಇಂಗ್ಲಿಷ್ ಬಂದ್ರೂ ನಿಮಗೆ ಬರಲ್ಲ ಬಿಡಿ ಅತ್ತಿಗೆ," ಎಂದು ನಾದಿನಿ ಕಾಲೆಳೆಯುತ್ತಿದ್ದಳು. ಆದರೂ ತುದಿ ಬಿಡುತ್ತಿರಲಿಲ್ಲ.

ಮೂರನೇ ವಾರ ಬೇಸರ ಬಂತು. ಬೆಳಿಗ್ಗೆ ಕಲಿತದ್ದು ಮಧ್ಯಾಹ್ನಕ್ಕೆ ಸೋರಿಹೋಗುತ್ತಿತ್ತು. ಇವತ್ತೊಂದು ದಿನ ಬಿಡೋಣ ಅಂದುಕೊಂಡಾಗಲೆಲ್ಲ ಕಣ್ಣು ಡ್ರಮ್ಮಿನ ಮೇಲಿನ ಕೆಳಗಿನ ಸಾಲಿಗೆ ಜಾರುತ್ತಿತ್ತು. ಅಲ್ಲೇನಿರಬಹುದು?

ಅಲ್ಲಿ ಗ್ಲೌಸ್ ಎಂಬ ಪದವಿತ್ತು. ನರ್ಸಮ್ಮ ತನ್ನ ಕೈಗವಸು ತೋರಿಸಿ, ಇದಿಲ್ಲದೆ ಈ ನೀರು ಮುಟ್ಟಬಾರದು ಅಂತ ಬರೆದಿದೆ ಎಂದಳು. ಬರಿಗೈಯಲ್ಲಿ ಆರು ವರ್ಷ ಮುಟ್ಟಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಗ್ಲೌಸ್ ಕೇಳಿದರೆ ಮೇಸ್ತ್ರಿ ಮುಂದಿನ ತಿಂಗಳು ಎಂದ. ಮುಂದಿನ ತಿಂಗಳು ಬರುವ ಮೊದಲೇ ಡ್ರಮ್ಮು ಉರುಳಿ ನಾದಿನಿಯ ಎರಡೂ ಕೈ ಸುಟ್ಟವು.

ಎರಡು ದಿನದ ಮೇಲೆ ಮೇಸ್ತ್ರಿ ಒಂದು ಕಾಗದ ತಂದ. ಪೂರ್ತಿ ಇಂಗ್ಲಿಷ್. ಸಾಕ್ಷಿಯಾಗಿ ಅತ್ತಿಗೆ ಸಹಿ ಹಾಕಿದರೆ ನಾದಿನಿಯ ಚಿಕಿತ್ಸೆಗೆ ಅರ್ಜಿ ಹೋಗುತ್ತದೆ, ಇಲ್ಲದಿದ್ದರೆ ಇಲ್ಲ ಎಂದ.

ಅವಳು ಸಾಲಿನ ಮೇಲೆ ಬೆರಳಿಟ್ಟು ನಡೆದಳು. ನೂರು ಪದಗಳಲ್ಲಿ ಗೊತ್ತಿದ್ದವು ಹದಿನಾಲ್ಕು. ಹದಿನಾಲ್ಕನೆಯದು ಗ್ಲೌಸ್. ಬೆರಳು ಅಲ್ಲೇ ನಿಂತಿತು. ಕೊಡದ ವಸ್ತುವಿಗೆ ಈ ಕಾಗದದಲ್ಲೇನು ಕೆಲಸ?

"ನಾಳೆ ಹೇಳ್ತೀನಿ," ಎಂದು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸುಕ್ಕಾಗುತ್ತೆ ಎಂದು ಮೇಸ್ತ್ರಿ ಕೈ ಚಾಚುವಷ್ಟರಲ್ಲಿ ಬಾಗಿಲು ದಾಟಿದ್ದಳು.

ಮರುದಿನ ನರ್ಸಮ್ಮನನ್ನು ಕೇಳಿದ್ದು ನೇಮದಂತೆ ಒಂದೇ ಪದ, ಗ್ಲೌಸ್ ಪಕ್ಕದ್ದು. ನರ್ಸಮ್ಮ ಕಾಗದವನ್ನು ಬೆಳಕಿಗೆ ಹಿಡಿದು, "ಕೊಡಲಾಗಿತ್ತು ಅಂತ," ಎಂದಳು. ಆಮೇಲೆ ಕೇಳದೆಯೇ ಉಳಿದದ್ದನ್ನೂ ಓದಿದಳು: ಕೊಟ್ಟಿದ್ದರೂ ಹಾಕಿಕೊಳ್ಳಲಿಲ್ಲ, ತಪ್ಪು ಸುಟ್ಟುಕೊಂಡವಳದೇ.

ಬ್ಯಾಂಡೇಜಿನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕುಳಿತಿದ್ದ ನಾದಿನಿ ಎಲ್ಲ ಕೇಳಿಸಿಕೊಂಡಳು. "ಸುಳ್ಳನ್ನೂ ಇಷ್ಟು ನೀಟಾಗಿ ಟೈಪ್ ಮಾಡ್ತಾರಾ ಅತ್ತಿಗೆ?"

ಒಗೆಯುವ ಹೆಂಗಸರು ಒಬ್ಬೊಬ್ಬರಾಗಿ ಕೆಲಸ ನಿಲ್ಲಿಸಿ ಅತ್ತಿಗೆಯ ಹಿಂದೆ ಬಂದರು. ಅವಳು ಮೇಸ್ತ್ರಿಯ ಮುಂದೆ ಕಾಗದ ಬಿಚ್ಚಿ, ಬಟ್ಟೆ ಕೊಡವುವ ಹಾಗೆ ಒಮ್ಮೆ ಕೊಡವಿದಳು.

"ಇದರಲ್ಲಿ ತಪ್ಪಿದೆ. ಮೊದಲಿಂದ ಬರೀರಿ. ನಾವು ಇಲ್ಲೇ ನಿಂತು ಓದ್ತೀವಿ."