ಹೆಗಲ ಮೇಲಿನ ಗುಂಡುಕಲ್ಲು

ಹೊನ್ನಾಳಿಯ ಗರಡಿಯಲ್ಲಿ ಕತ್ತಿವರಸೆ ಕಲಿಸುತ್ತಿದ್ದ ಕಲ್ಲೇಶಪ್ಪನಿಗೆ ಬಲಗಾಲಿನ ಮಂಡಿ ಸರಿಯಿರಲಿಲ್ಲ. ಹದಿನೆಂಟರ ವಯಸ್ಸಿನಲ್ಲಿ ನ್ಯಾಮತಿಯಲ್ಲಿ ಕಲಿಯುವಾಗ, ವಸ್ತಾದ್ ಬೆನಕಪ್ಪನವರು ಅವನ ಹೆಗಲಿಗೆ ಗುಂಡುಕಲ್ಲು ಹೊರಿಸಿ ಐನೂರು ಬಸ್ಕಿ ಹೊಡೆಯಲು ಹೇಳಿದ್ದರು. ನಾನೂರರ ಹತ್ತಿರ ಮಂಡಿ ಲಟಕ್ಕೆಂದಿತು. ಎಲ್ಲರೆದುರು ಮೈಗಳ್ಳನೆಂದು ಬೈದು ಅವನನ್ನು ಆಚೆಗೆ ಅಟ್ಟಿದರು. ಎರಡು ವರ್ಷ ಅವನು ನೆಟ್ಟಗೆ ನಡೆಯಲಿಲ್ಲ. ಆಮೇಲೆ ತುಂಗಭದ್ರೆಯ ಮೊಣಕಾಲುದ್ದ ನೀರಿನಲ್ಲಿ ಹಿಂದಕ್ಕೂ ಮುಂದಕ್ಕೂ ಹೆಜ್ಜೆ ಹಾಕುತ್ತಾ ತಾನೇ ಕಾಲಿಗೆ ಬಲ ತಂದುಕೊಂಡ. ಶಿಷ್ಯರಿಗೂ ಅದನ್ನೇ ಮಾಡಿಸುತ್ತಿದ್ದ. ಮೊದಲು ನೀರು, ಆಮೇಲೆ ಮರಳು, ಕೊನೆಗೆ ಭಾರವಿಲ್ಲದ ಬಸ್ಕಿ.

ಸಾವಿರದ ಒಂಬೈನೂರ ನಲವತ್ತೊಂದರ ಬೇಸಿಗೆಯಲ್ಲಿ ಊರ ಹಿರಿಯರು ಗರಡಿ ನೋಡಲು ಬೆನಕಪ್ಪನವರನ್ನು ಕರೆಸಿದರು. ಹೊಳೆಯ ವಿಷಯ ಕೇಳಿ ಅವರು ನಕ್ಕರು. ಎಮ್ಮೆ ಮೈ ತೊಳೆಯುವುದಕ್ಕೂ ಇದಕ್ಕೂ ಏನು ವ್ಯತ್ಯಾಸವೆಂದರು. ಎದುರಿಗಿದ್ದ ಚಿತ್ತಪ್ಪನೆಂಬ ಶಿಷ್ಯನಿಗೆ ಗುಂಡು ಹೊರಿಸಿ, ಮುನ್ನೂರು ಹೊಡೆ ಎಂದರು.

ಗುರುವೆಂಬ ಒಂದೇ ಕಾರಣಕ್ಕೆ ಕಲ್ಲೇಶಪ್ಪ ಹಲ್ಲು ಕಚ್ಚಿ ನಿಂತ. ಅರವತ್ತಕ್ಕೆ ಚಿತ್ತಪ್ಪನ ಮಂಡಿ ಒಳಕ್ಕೆ ವಾಲಿತು. ಕಲ್ಲೇಶಪ್ಪ ನುಗ್ಗಿ ಗುಂಡನ್ನು ಎಳೆದು ನೆಲಕ್ಕೆ ಕೆಡವಿದ.

"ನನ್ನ ಕಾಲು ಹಾಳು ಮಾಡಿದ್ರಿ. ಇವನ ಕಾಲು ಮುಟ್ಟಾಕೆ ಬಿಡಲ್ಲ."

ಬೆನಕಪ್ಪನವರ ಮುಖ ಕೆಂಪಾಯಿತು. ಎರಡು ಮರದ ಕತ್ತಿ ತರಿಸಿ, ನೀರಾಟದ ಕಾಲು ಎಷ್ಟು ಹೊತ್ತು ನಿಲ್ಲುತ್ತದೋ ನೋಡೋಣವೆಂದು ಅವನನ್ನೇ ಎದುರಿಗೆ ಕರೆದರು. ಅವರ ಕೈಯ ಚುರುಕು ಒಂದಿಷ್ಟೂ ತಗ್ಗಿರಲಿಲ್ಲ. ಮೊದಲೆರಡು ಪೆಟ್ಟು ಕಲ್ಲೇಶಪ್ಪನ ತೋಳಿಗೇ ಬಿದ್ದವು. ಅವನು ಹಿಂದೆ ಸರಿದ, ಪಕ್ಕಕ್ಕೆ ಹೊರಳಿದ, ಥಟ್ಟನೆ ಮುಂದಕ್ಕೆ ಹೆಜ್ಜೆಯಿಟ್ಟ. ಹಿಂದಕ್ಕೆ ಸರಿಯಹೋದ ಬೆನಕಪ್ಪನವರ ಎಡಗಾಲು ಬಾಗಲೇ ಇಲ್ಲ. ಧಪ್ಪನೆ ಬಿದ್ದರು. ಧೋತರ ಸರಿದು, ಬಿಗಿಯಾಗಿ ಬಟ್ಟೆ ಸುತ್ತಿದ್ದ ಮಂಡಿ ಎಲ್ಲರಿಗೂ ಕಾಣಿಸಿತು. ಅದು ಇಂದಿನ ಏಟಲ್ಲ, ಎಷ್ಟೋ ವರ್ಷದ್ದು.

ಕಲ್ಲೇಶಪ್ಪನಿಗೆ ಕನಿಕರ ಬರಲಿಲ್ಲ. ಸಿಟ್ಟು ಇಮ್ಮಡಿಯಾಯಿತು.

"ನಿಮಗೂ ಹಿಂಗೇ ಆಗೈತೆ. ಗೊತ್ತಿದ್ದೂ ನಮ್ಮ ಮ್ಯಾಲೆ ಹೊರಿಸಿದ್ರಲ್ರಿ, ಯಾಕೆ?"

"ನಮ್ಮ ವಸ್ತಾದರೂ ಹೊರಿಸಿದ್ರು ಕಣಪ್ಪ," ಎಂದರು ಬೆನಕಪ್ಪನವರು, ತಲೆಯೆತ್ತದೆ.

ಇಷ್ಟೇನಾ ಉತ್ತರ ಎಂದು ಅವನ ಮೈಯೆಲ್ಲ ಉರಿಯಿತು. ಕಾಲಿಗೆ ಬಿದ್ದು ತಪ್ಪೊಪ್ಪಿಕೋ ಎಂದು ಹಿರಿಯರು ಗದರಿದರೂ ಬೀಳಲಿಲ್ಲ. ಬೆನಕಪ್ಪನವರನ್ನು ತಾನೇ ಎತ್ತಿ ಗಾಡಿಯಲ್ಲಿ ಕೂರಿಸಿದ.

ಮಾರನೆಯ ದಿನ ಹಿರಿಯರು ಗರಡಿಯ ಬೀಗದ ಕೈ ಕೇಳಿದರು. ಕಲ್ಲೇಶಪ್ಪ ಅದನ್ನು ಅವರ ಕಾಲ ಬುಡಕ್ಕೆ ಎಸೆದು ತನ್ನ ಹೊಲದ ಕಣಕ್ಕೆ ನಡೆದ. ಎಂಟು ಮಂದಿ ಶಿಷ್ಯರಲ್ಲಿ ಐವರು ಅಲ್ಲಿಯೇ ಕಲಿಯಲು ಅವನ ಹಿಂದೆ ಹೋದರು.