ಬಿಜ್ಜರಗಿಯ ನೀಲಿ ಬ್ಯಾರಲ್ಲು

ನನ್ನ ಅಣ್ಣ ಯುನುಸನಿಗೆ ಮೀನು ಎಂದರೆ ಕರಿದದ್ದು ಮಾತ್ರ ಇಷ್ಟ. ಹಾಗಿದ್ದರೂ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ನಮ್ಮಪ್ಪ ಲಾಡಲೇಸಾಬ ಬಿಟ್ಟುಹೋದ ಅಕ್ವೇರಿಯಂ ಅಂಗಡಿಯಲ್ಲಿ ಅರ್ಧ ಪಾಲು ಅವನದು, ಅರ್ಧ ನನ್ನದು. ಮನೆಯಲ್ಲಿ ನಾವು ಉರ್ದು ಆಡುತ್ತೇವೆ. ಜಗಳ ಮಾತ್ರ ಕನ್ನಡದಲ್ಲೇ, ಯಾಕೆಂದರೆ ನಮ್ಮ ಜಗಳವೆಲ್ಲ ಅಂಗಡಿಯಲ್ಲಿ, ಗಿರಾಕಿಗಳ ಎದುರಿಗೇ ನಡೆಯುವುದು. ಈ ಸಲದ ಜಗಳ ಅಂಗಡಿಯ ನಟ್ಟನಡುವೆ ಇರುವ ನಾಲ್ಕಡಿ ಉದ್ದದ ಗಾಜಿನ ತೊಟ್ಟಿಯ ಸಲುವಾಗಿತ್ತು.

ಆ ತೊಟ್ಟಿಯಲ್ಲಿ ನನ್ನ ಡಿಸ್ಕಸ್ ಜೋಡಿ ಇತ್ತು. ನೋಡದವರಿಗೆ ಹೇಳಬೇಕೆಂದರೆ, ಊಟದ ತಟ್ಟೆಯನ್ನು ಅಂಚಿನ ಮೇಲೆ ನಿಲ್ಲಿಸಿ ಈಜಲು ಬಿಟ್ಟಂತಿರುವ ಮೀನು ಅದು. ಇಟ್ಟಿಗೆ ಬಣ್ಣದ ಮೈ ತುಂಬ ನೀಲಿ ಗೆರೆಗಳು. ಉಪಚಾರ ಮಾಡಿಸಿಕೊಳ್ಳುವುದರಲ್ಲಿ ಹೊಸ ಅಳಿಯನನ್ನೂ ಮೀರಿಸುತ್ತದೆ. ನೀರು ಸದಾ ಬೆಚ್ಚಗೆ ಇಪ್ಪತ್ತೊಂಬತ್ತು ಡಿಗ್ರಿ ಇರಬೇಕು, ದಿನವೂ ಮೂರರಲ್ಲೊಂದು ಪಾಲು ನೀರು ಬದಲಾಗಬೇಕು, ತಿಂದು ಬಿಟ್ಟ ಚೂರು ತಳದಲ್ಲಿ ಉಳಿಯಬಾರದು, ಯಾರೂ ಗಾಜು ಬಡಿಯಬಾರದು. ಇವುಗಳಲ್ಲಿ ಬಿಸಿಯೊಂದು ನಮ್ಮ ವಿಜಯಪುರದಲ್ಲಿ ಪುಕ್ಕಟೆ ಸಿಗುತ್ತದೆ. ಏಪ್ರಿಲಿನಲ್ಲಿ ನನ್ನ ಹೀಟರಿಗೆ ರಜೆ.

ಮೀನು ಕಳಿಸುವ ಬೇರೆ ಊರಿನ ಸಗಟು ವ್ಯಾಪಾರಿ ಫೋನಿನಲ್ಲಿ ನಕ್ಕಿದ್ದ. "ನಿಮ್ಮೂರ ಗಡಸು ನೀರಲ್ಲಿ ಡಿಸ್ಕಸ್ ಬದುಕಿದರೇ ಹೆಚ್ಚು. ಮರಿ ಮಾಡಿಸೋ ಆಸೆ ಬಿಟ್ಟುಬಿಡಿ ಜೀನತ ಅವರೇ" ಎಂದಿದ್ದ. ಆ ನಗು ನನ್ನ ಕಿವಿಯಿಂದ ಇಳಿಯಲೇ ಇಲ್ಲ. ಬಿಸಿಲು, ಧೂಳು, ಉಪ್ಪುನೀರು ಎಂದು ನಮ್ಮೂರನ್ನು ಆಡಿಕೊಳ್ಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಈ ಊರಿನಲ್ಲೇ ಹುಟ್ಟಿದ ಡಿಸ್ಕಸ್ ಮರಿಯನ್ನು ನೋಡಿಯೇ ತೀರುತ್ತೇನೆಂದು ಅವತ್ತೇ ಹಟ ಹಿಡಿದೆ.

ಯುನುಸನ ಹಟ ಬೇರೆ. ಅವನಿಗೆ ತೊಟ್ಟಿಯ ಜಾಗದಲ್ಲಿ ಮೊಬೈಲ್ ಕವರಿನ ಸ್ಟ್ಯಾಂಡ್ ಬೇಕಿತ್ತು.

"ಕವರಿಗೆ ದಿನಾ ನೀರು ಬದ್ಲಿ ಮಾಡಬೇಕಾಗಿಲ್ಲ. ಅವಕ್ಕ ಜ್ವರ ಬರಂಗಿಲ್ಲ, ಸಿಟ್ಟು ಬರಂಗಿಲ್ಲ," ಎಂದ. "ದೀಪಾವಳಿ ಒಳಗ ಮರಿ ಆದ್ರ ತೊಟ್ಟಿ ಇಲ್ಲೇ ಇರಲಿ. ಆಗಲಿಲ್ಲಂದ್ರ ತಗದಬಿಡೂದು. ಆಮ್ಯಾಗ ಅಳಬ್ಯಾಡ."

"ನಾ ಯಾವಾಗ ಅತ್ತೇನಿ?"

"ಅಪ್ಪನ ಆಮೆ ಸತ್ತಾಗ."

"ಆಗ ನನಗ ಏಳು ವರ್ಷ." ಇಷ್ಟು ಹೇಳಿ ನಾನು ಒಪ್ಪಿಕೊಂಡೆ.

ಜೂನ್‌ನಿಂದ ಸೆಪ್ಟೆಂಬರಿನೊಳಗೆ ನನ್ನ ಜೋಡಿ ಮೂರು ಸಲ ಮೊಟ್ಟೆ ಇಟ್ಟಿತು. ತೊಟ್ಟಿಯಲ್ಲಿ ಬೋರಲು ಹಾಕಿದ ಮಣ್ಣಿನ ಮಗಿಯನ್ನು ಇಬ್ಬರೂ ಸೇರಿ ಬಾಯಿಂದಲೇ ಉಜ್ಜಿ ಸ್ವಚ್ಛ ಮಾಡುತ್ತಿದ್ದರು. ಆಮೇಲೆ ಹೆಣ್ಣು ಸಾಲುಸಾಲಾಗಿ ಮೊಟ್ಟೆ ಅಂಟಿಸುತ್ತ ಮೇಲೇರುತ್ತಿತ್ತು, ಗಂಡು ಅದರ ಹಿಂದೆಯೇ ಹೋಗುತ್ತಿತ್ತು. ಮೂರು ಸಲವೂ ಎರಡನೆಯ ದಿನ ಅಷ್ಟೂ ಮೊಟ್ಟೆ ಬೆಳ್ಳಗಾದವು. ಬೆಳ್ಳಗಾದ ಮೊಟ್ಟೆಯಲ್ಲಿ ಜೀವ ಇರುವುದಿಲ್ಲ.

ನೀರಿನ ಮೇಲೆ ಮಾತ್ರ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ನಮ್ಮ ಹಳೆಯ ಮನೆಯ ಅಂಗಳದ ಕೆಳಗೆ ಕಲ್ಲಿನ ಹೌಜು ಇದೆ. ಮಾಳಿಗೆಯ ಮಳೆನೀರೆಲ್ಲ ಅದಕ್ಕೇ ಇಳಿಯುತ್ತದೆ, ಡಿಸ್ಕಸ್ ತೊಟ್ಟಿಗೆ ನಾನು ಹಾಕುತ್ತಿದ್ದದ್ದು ಆ ನೀರನ್ನೇ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಅದನ್ನು ಬರಿದು ಮಾಡಿ, ತಿಕ್ಕಿ, ಒಳಗೋಡೆಗೆ ಸುಣ್ಣ ಬಳಿಯುವುದು ಅಜ್ಜಿ ಮದೀನಾಬಿ ಹಾಕಿಕೊಟ್ಟ ಪದ್ಧತಿ. ಸುಣ್ಣ ಬಿದ್ದರೆ ನೀರು ಕೆಡುವುದಿಲ್ಲ ಎನ್ನುತ್ತಿದ್ದಳು. ಅಜ್ಜಿ ಒಂದು ಕೈ ಬಳಿಸುತ್ತಿದ್ದಳು. ನಾನು ನನ್ನ ಮೀನಿನ ಮೇಲಿನ ಪ್ರೀತಿಗೆ ಈ ವರ್ಷ ಮೂರು ಕೈ ಬಳಿಸಿದ್ದೆ.

ಸೆಪ್ಟೆಂಬರ್ ಕೊನೆಯಲ್ಲಿ ಬಿಜ್ಜರಗಿಯಿಂದ ವಿಜಯಲಕ್ಷ್ಮೀ ಎಂಬ ಹೆಂಗಸು ಬಂದಳು. ದ್ರಾಕ್ಷಿ ತೋಟದವಳು. ತೋಟದ ಕೃಷಿ ಹೊಂಡದಲ್ಲಿ ಸೊಳ್ಳೆ ಹೆಚ್ಚಾಗಿವೆ, ಅವುಗಳ ಮರಿ ತಿನ್ನುವ ಗಪ್ಪಿ ಮೀನು ಬೇಕು ಎಂದಳು. ನಾನು ಬಲೆ ಹಿಡಿದು ಗಪ್ಪಿ ಎತ್ತುತ್ತಿರುವಾಗ ಅವಳು ದೊಡ್ಡ ತೊಟ್ಟಿಯ ಮುಂದೆ ಬಗ್ಗಿ ನಿಂತಿದ್ದಳು.

"ಈ ತತ್ತಿ ಸತ್ತಾವಲ್ರಿ?"

"ಕಾಣಾಕತ್ತಾವಲ್ಲ," ಎಂದೆ. ಗಾಯದ ಮೇಲೆ ಕೈ ಇಟ್ಟವರೊಡನೆ ಮೆತ್ತಗೆ ಮಾತಾಡುವ ಗುಣ ನನಗಿಲ್ಲ.

ಅವಳು ಬೇಸರ ಮಾಡಿಕೊಳ್ಳಲಿಲ್ಲ. ನೀರಿನ ಮಟ್ಟದಲ್ಲಿ ಗಾಜಿಗೆ ಅಂಟಿದ್ದ ಬಿಳಿ ಗೆರೆಯನ್ನು ಉಗುರಿನಿಂದ ಕೆರೆದು ನೋಡಿದಳು. "ನಮ್ಮ ಔಷಧ ಹೊಡಿಯೂ ಪಂಪಿನ ಮೂತಿಗೆ ಇಂಥಾದ್ದ ಕಟ್ಟತೈತಿ. ಇದು ಬೋರಿನ ನೀರೇನ್ರಿ?"

"ಮಳಿನೀರು. ನಮ್ಮ ಹೌಜಿಂದು."

"ಮಳಿನೀರಿಗೆ ಈ ಗೆರಿ ಬೀಳಂಗಿಲ್ರಿ ಅಕ್ಕಾರ. ಬೋರಿನ ನೀರಾಗ ಔಷಧ ಕಲಸಿದ್ರ ಒಡದು ಹೋಗತೈತಿ ಅಂತ ನಾವು ಕಲಸೂ ಮುಂಚೆ ನೀರು ಅಳದ ನೋಡ್ತೀವಿ. ನೀವು ಅಳದೀರೇನು?"

ನೀರಿನಲ್ಲಿ ಕರಗಿದ ಉಪ್ಪು, ಸುಣ್ಣ ಅಳೆಯುವ ಪೆನ್ನು ನನ್ನ ಗಲ್ಲಾದ ಮೇಲೇ ಬಿದ್ದಿತ್ತು; ಅದರ ಅಂಕಿ ಏರಿದಷ್ಟೂ ನೀರು ಗಡಸು. ಊರಿನ ಅರ್ಧ ಜನರ ಮನೆ ನೀರಿನಲ್ಲಿ ಅದನ್ನು ಅದ್ದಿ ಪಾಠ ಹೇಳಿದವಳು ನಾನು. ಮಳೆನೀರಿಗೂ ಯಾರಾದರೂ ಅಳತೆ ಹಿಡಿಯುತ್ತಾರೆಯೇ ಎಂದು ನನ್ನ ಹೌಜಿನ ನೀರಿಗೆ ಮಾತ್ರ ಒಮ್ಮೆಯೂ ಅದ್ದಿರಲಿಲ್ಲ. ಈಗ ಅವಳ ಬಾಯಿ ಮುಚ್ಚಿಸಲೆಂದೇ ಹೌಜಿನಿಂದ ತಂದಿಟ್ಟ ಕೊಡದಲ್ಲಿ ಅದ್ದಿದೆ. ನಾನೂರ ಎಂಬತ್ತು. ಪೆನ್ನು ಕೆಟ್ಟಿರಬೇಕೆಂದು ಝಾಡಿಸಿ ಕುಡಿಯುವ ಬಾಟಲಿಯ ನೀರಿಗೆ ಅದ್ದಿದೆ. ಮೂವತ್ತು. ಪೆನ್ನು ಚೆನ್ನಾಗಿಯೇ ಇತ್ತು.

"ಹೌಜಿಗೆ ಒಳಗ ಏನ್ ಹಚ್ಚೀರಿ?" ಎಂದು ವಿಜಯಲಕ್ಷ್ಮೀ ಮೆಲ್ಲಗೆ ಕೇಳಿದಳು.

"ಸುಣ್ಣ," ಎಂದೆ. ಹೇಳುತ್ತಿದ್ದಂತೆ ಪೆನ್ನನ್ನು ಗಲ್ಲಾದ ಮೇಲಿಟ್ಟು ಸ್ಟೂಲಿನ ಮೇಲೆ ಕುಳಿತೆ. ಆಕಾಶದಿಂದ ಮೆತ್ತಗೆ ಇಳಿದ ನೀರಿಗೆ ನಾನೇ ಸುಣ್ಣ ಕುಡಿಸಿ ಗಡಸು ಮಾಡಿದ್ದೆ. ಗಡಸು ನೀರಿನಲ್ಲಿ ಡಿಸ್ಕಸ್ ಮೊಟ್ಟೆಯ ಸಿಪ್ಪೆ ಬಿಗಿದುಕೊಳ್ಳುತ್ತದೆ, ಜೀವ ಕಟ್ಟುವುದಿಲ್ಲ. ಇದನ್ನು ಎಷ್ಟು ಜನರಿಗೆ ನಾನೇ ಹೇಳಿದ್ದೆನೋ. ಮೂರು ಸಂಸಾರ ಕೆಡಿಸಿದವಳು ನಾನೇ ಎಂದು ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಯುನುಸ ಎಲ್ಲವನ್ನೂ ಕೇಳಿಸಿಕೊಂಡಿದ್ದ. ನಗಲು ಅವನಿಗೆ ಅದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತಿರಲಿಲ್ಲ, ಆದರೂ ಅವನು ನಗಲಿಲ್ಲ.

"ನಮ್ಮ ಮನುಕದ ಶೆಡ್ಡಿನ ತಗಡಿನ ನೀರು ಹಿಡದೇನ್ರಿ, ಹನ್ನೆರಡು ಬ್ಯಾರಲ್," ಎಂದಳು ವಿಜಯಲಕ್ಷ್ಮೀ. "ಎರಡು ನೀವು ಒಯ್ರಿ. ಗಪ್ಪಿ ಜರಾ ಕೈ ಬಿಟ್ಟು ಹಾಕ್ರಿ, ಆತು."

ಮರುದಿನ ಟೆಂಪೋ ಮಾಡಿಕೊಂಡು ತಿಕೋಟಾ ದಾಟಿ ಬಿಜ್ಜರಗಿಗೆ ಹೋದೆ. ದ್ರಾಕ್ಷಿ ಒಣಗಿಸುವ ಶೆಡ್ಡಿನ ಬಗಲಿಗೆ ನೀಲಿ ಪ್ಲಾಸ್ಟಿಕ್ ಬ್ಯಾರಲ್ಲುಗಳು ಸಾಲಾಗಿ ನಿಂತಿದ್ದವು. ಮೊದಲ ಎರಡು ಮಳೆಯನ್ನು ಹರಿಯಬಿಟ್ಟು, ತಗಡು ತೊಳೆದ ಮೇಲಿನ ನೀರನ್ನಷ್ಟೇ ಹಿಡಿದಿದ್ದಳಂತೆ. ಪೆನ್ನು ಅದ್ದಿದೆ. ಇಪ್ಪತ್ತೆರಡು. ನಾಲ್ಕು ಸಲ ಅದ್ದಿದೆ, ನಾಲ್ಕು ಸಲವೂ ಇಪ್ಪತ್ತೆರಡೇ ಬಂತು.

ಒಮ್ಮೆಗೇ ನೀರು ಬದಲಿಸಿದರೆ ಮೀನು ತಡೆಯುವುದಿಲ್ಲ. ದಿನಕ್ಕೆ ಎರಡು ಬಕೆಟ್ ಹಳೆಯ ನೀರು ತೆಗೆದು, ಅಷ್ಟೇ ಬ್ಯಾರಲ್ಲಿನ ನೀರನ್ನು ಬೆಚ್ಚಗೆ ಮಾಡಿ, ತೊಟ್ಟಿಗೆ ಸೇರಿಸುತ್ತ ಹೋದೆ. ನಾನೂರ ಎಂಬತ್ತು ಮುನ್ನೂರಕ್ಕಿಳಿಯಿತು, ಇನ್ನೂರಕ್ಕಿಳಿಯಿತು. ಹದಿನೈದು ದಿನಕ್ಕೆ ತೊಂಬತ್ತು. ಗಂಡಿನ ಮೈಯ ನೀಲಿ ಗೆರೆಗಳು ಹೊಸದಾಗಿ ಬರೆದಂತೆ ಕಾಣತೊಡಗಿದವು. ದೀಪಾವಳಿಗೆ ಎಂಟು ದಿನ ಇದೆ ಎನ್ನುವಾಗ ಇಬ್ಬರೂ ಮತ್ತೆ ಮಗಿ ಉಜ್ಜಲು ಶುರು ಮಾಡಿದರು.

ಮೊಟ್ಟೆ ಇಟ್ಟ ಎರಡನೆಯ ದಿನ ಅಂಗಡಿಯ ಬಾಗಿಲು ತೆಗೆಯಲು ನನಗೆ ಧೈರ್ಯ ಬರಲಿಲ್ಲ. ಯುನುಸನೇ ತೆಗೆದ. ಬೆಳ್ಳಗಾದವು ಹತ್ತೋ ಹನ್ನೆರಡೋ, ಅಷ್ಟೆ. ಉಳಿದವು ಜೇನಿನ ಬಣ್ಣ, ಒಂದೊಂದರಲ್ಲೂ ಕರಿ ಚುಕ್ಕೆ. ಮೂರನೆಯ ದಿನ ಸಂಜೆ ಮಗಿಯ ಮೇಲೆಲ್ಲ ಸಣ್ಣ ಬಾಲಗಳು ಅಲುಗಾಡುತ್ತಿದ್ದವು. ಯುನುಸ ಕನ್ನಡಕ ಹಾಕಿಕೊಂಡು ನೋಡಿದ. "ಇನ್ನೂ ಈಜಿಲ್ಲ. ಈಜಿದ್ರ ಮರಿ ಅನ್ನೂದು," ಎಂದ. ಅವನ ಕವರಿನ ಬಾಕ್ಸುಗಳು ಅದೇ ದಿನ ಬಂದು ಅಂಗಡಿಯ ಮೂಲೆ ತುಂಬಿದ್ದವು.

ಅವನ ಮಾತು ತಪ್ಪೇನಲ್ಲ. ಈ ಮರಿಗಳು ಈಜಲು ಕಲಿತ ಮೇಲೆ ಅಪ್ಪ ಅಮ್ಮನ ಮೈಗೆ ಅಂಟಿಕೊಂಡು, ಆ ಮೈಯ ಮೇಲೆ ಊರುವ ಲೋಳೆಯನ್ನೇ ತಿಂದು ಬದುಕಬೇಕು. ಅದೇ ಹೊತ್ತಿಗೆ ದೊಡ್ಡವು ಬೆದರಿದರೆ ತಮ್ಮ ಮರಿಗಳನ್ನು ತಾವೇ ನುಂಗಿಬಿಡುತ್ತವೆ. ನರಕ ಚತುರ್ದಶಿಯ ಹಿಂದಿನ ದಿನ ಮಧ್ಯಾಹ್ನ ಮೊದಲ ಮರಿಗಳು ಮಗಿ ಬಿಟ್ಟು ಮೇಲೆದ್ದವು. ಓಣಿಯ ತುದಿಯಲ್ಲಿ ಯಾರೋ ಪಟಾಕಿ ಸರ ಹಚ್ಚಿದ್ದೂ ಆಗಲೇ. ಜೋಡಿ ದಿಗಿಲುಬಿದ್ದು ಗಾಜಿಗೆ ಬಡಿಯಿತು. ಗಂಡಿನ ಮೈ ಕಪ್ಪಾಯಿತು. ಒಂದು ಮರಿಯನ್ನು ಅದು ಬಾಯಿಗೆ ಹಾಕಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ.

"ಅಣ್ಣಾ," ಎಂದೆ.

ಯುನುಸ ಅರ್ಧ ಶಟರ್ ಎಳೆದ. ಕವರಿನ ಬಾಕ್ಸುಗಳನ್ನು ಒಂದೊಂದಾಗಿ ಹೊತ್ತು ತಂದು ತೊಟ್ಟಿಯ ನಾಲ್ಕೂ ಬದಿಗೆ ಗೋಡೆ ಕಟ್ಟಿದಂತೆ ಒಟ್ಟಿದ. ಆಮೇಲೆ ಓಣಿಗೆ ಇಳಿದು ಹೋದ. "ಇವತ್ತೊಂದಿನ ಪಟಾಕಿ ಆಚೆ ಚೌಕಿನಾಗ ಹೊಡ್ಕೋರಿ. ನಮ್ಮಲ್ಲಿ ಬಾಣಂತನ ನಡದೈತಿ," ಎಂದು ಅವನು ಹೇಳುತ್ತಿದ್ದುದು ಕೇಳಿಸಿತು. ಮನೆಯಲ್ಲಿ ಯಾರಿಗೆ ಹೆರಿಗೆ ಎಂದು ಕೇಳುತ್ತ ಆ ಜನ ಮರುದಿನ ಮಿಠಾಯಿ ಹಿಡಿದುಕೊಂಡು ಬಂದರು, ಆ ಮಾತು ಬೇರೆ.

ಬಾಕ್ಸುಗಳ ನಡುವಿನ ಸಂದಿನಲ್ಲಿ ಕಣ್ಣಿಟ್ಟು ಕುಳಿತೆ. ಗಂಡಿನ ಕಪ್ಪು ನಿಧಾನವಾಗಿ ಇಳಿಯಿತು. ಹೆಣ್ಣು ಮಗಿಯ ಹತ್ತಿರ ಬಂದು ಅಲುಗಾಡದೆ ನಿಂತಿತು. ಒಂದು ಮರಿ ಅದರ ಪಕ್ಕೆಗೆ ಅಂಟಿತು, ಆಮೇಲೆ ಐದು, ಆಮೇಲೆ ಎಣಿಸಲಾಗಲಿಲ್ಲ. ಮೈ ತುಂಬ ಮರಿ ಹೊತ್ತ ಹೆಣ್ಣು ದಣಿದಾಗ ಒಮ್ಮೆ ಮೈ ಕೊಡವಿತು. ಅಷ್ಟೂ ಮರಿಗಳು ಹಾರಿ ಗಂಡಿನ ಮೈಗೆ ಅಂಟಿಕೊಂಡವು. ನಾನು ಅತ್ತುಬಿಟ್ಟೆ, ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ. ಯುನುಸ ಪಕ್ಕದಲ್ಲಿ ಬಗ್ಗಿ ಎಣಿಸುತ್ತಿದ್ದವನು ನನ್ನ ಮುಖ ನೋಡಿಯೂ ಆಮೆಯ ಮಾತೆತ್ತಲಿಲ್ಲ.

ಮರುದಿನ ಸಗಟು ವ್ಯಾಪಾರಿಗೆ ವಿಡಿಯೋ ಕಳಿಸಿದೆ. ಎರಡು ನಿಮಿಷದಲ್ಲಿ ಫೋನ್ ಬಂತು. ಈ ಸಲ ನಗು ಇರಲಿಲ್ಲ. ಯಾವ ನೀರು, ಎಲ್ಲಿಂದ ತರಿಸಿದಿರಿ ಎಂದು ಕೇಳಿದ.

"ನಮ್ಮೂರಿಂದ ರೀ," ಎಂದೆ. "ಬಿಜಾಪುರದ ಮಳಿ."

ಹಬ್ಬದ ಸಂಜೆ ಬಬಲೇಶ್ವರದಿಂದ ಬಂದ ಗಿರಾಕಿಯೊಬ್ಬರು ಅಂಗಡಿಯ ನಡುವೆ ಒಟ್ಟಿದ್ದ ಬಾಕ್ಸುಗಳ ಮೇಲಿನ ಚಿತ್ರ ನೋಡಿ, ತಮ್ಮ ಫೋನಿಗೆ ಒಂದು ಕವರ್ ಕೇಳಿದರು. ಯುನುಸ ಬೆರಳನ್ನು ತುಟಿಯ ಮೇಲಿಟ್ಟ.

"ಸಣ್ಣ ದನಿಲೆ ಮಾತಾಡ್ರಿ," ಎಂದ. "ಕವರ್ ಬೇಕಾದಷ್ಟು ಅದಾವ. ಆದ್ರ ಹುಡುಗ್ರು ದೊಡ್ಡವಾಗೂ ತನಕ ಒಂದ ಬಾಕ್ಸೂ ತಗ್ಯಾಂಗಿಲ್ಲ."