ಬುರುಡೆ ಬಿಡುವ ಹೊತ್ತು

ಅಲ್ಲಾಡಿಸಿದರೆ ಒಳಗೆ ನೀರು ಕುಲುಕುತ್ತದೆ, ಇಷ್ಟೇ ಇಷ್ಟು, ಒಂದು ಲೋಟದ ತಳ ಒದ್ದೆಯಾಗುವಷ್ಟು, ತೇಲಬೇಕಾದದ್ದರ ಹೊಟ್ಟೆಯೊಳಗೇ ನೀರು ಸೇರಿಕೊಂಡರೆ ಅದು ತೇಲುವುದಾದರೂ ಹೇಗೆ — ಅವಳು ಹಳೆಯ ಫ್ಲೋಟನ್ನು ಕಿವಿಗೆ ಹತ್ತಿರ ಹಿಡಿದು ಇನ್ನೊಂದು ಸಲ ಕುಲುಕಿದಳು, ನೀರಿನ ಜೊತೆ ಗುಂಡು ಉರುಳುವ ಸದ್ದೂ ಬಂತು, ಟಕ್, ಆಹಾ, ಗುಂಡು ಇನ್ನೂ ಗಟ್ಟಿಮುಟ್ಟಾಗಿದೆ, ಯಾರಿಗೆ ಬೇಕು ಈಗ ಅದರ ಗಟ್ಟಿತನ. ನೆಲಮಾಳಿಗೆಯ ಮೂಲೆಯಲ್ಲಿ, ಗುಂಡಿಯ ಅಂಚಿಗೆ ಕುಕ್ಕರುಗಾಲಲ್ಲಿ ಕೂತಿದ್ದಾಳೆ, ಮೊಣಕಾಲಿನ ಪಕ್ಕ ಸ್ಕ್ರೂಡ್ರೈವರ್, ಹೊಸ ಸ್ವಿಚ್ಚಿನ ಡಬ್ಬಿ, ಒಂದು ಬಕೆಟ್. ನೆಲದಡಿಯಿಂದ ಒಸರುವ ನೀರೆಲ್ಲ ಈ ಗುಂಡಿಗೆ ಬಂದು ಸೇರಬೇಕು, ನೀರು ಏರಿದರೆ ಫ್ಲೋಟ್ ಏರಬೇಕು, ಒಳಗಿನ ಗುಂಡು ಉರುಳಿ ಪಂಪು ತಾನಾಗಿ ಶುರುವಾಗಬೇಕು, ನೀರನ್ನು ಬೀದಿಯ ಚರಂಡಿಗೆ ಎಸೆದು ತಾನಾಗಿ ಸುಮ್ಮನಾಗಬೇಕು, ಇದ್ದದ್ದು ಇಷ್ಟೇ ಕೆಲಸ, ಇಷ್ಟಕ್ಕೆ ಎರಡು ವರ್ಷ ಹಿಡಿಯಿತು. ಪ್ಲಗ್ ಕಿತ್ತಿದ್ದೀಯೇನೇ, ಮೆಟ್ಟಿಲ ಮೇಲಿಂದ ಅತ್ತೆ. ಕಿತ್ತಿದ್ದೀನಿ ಅತ್ತೆ. ಎರಡೂ? ಎರಡೂ, ಪಂಪಿಂದೂ ಸ್ವಿಚ್ಚಿಂದೂ. ಮೇನ್? ಅದನ್ನೂ ನೀವೇ ಆರಿಸಿದ್ರಲ್ಲ, ಈಗ್ತಾನೆ. ನಾನು ಆರಿಸಿದ್ದನ್ನ ನಾನೇ ನಂಬಲ್ಲ ಕಣೇ, ವಯಸ್ಸಾಯ್ತು, ಎಂದು ಅತ್ತೆ ಮತ್ತೆ ಬಾಗಿಲ ಪಕ್ಕದ ಬೋರ್ಡಿನ ಕಡೆ ಹೋದದ್ದು ಚಪ್ಪಲಿಯ ಸದ್ದಿನಲ್ಲಿ ತಿಳಿಯಿತು, ಹೋಗಿ, ನೋಡಿ, ಆರಿದೆ ಕಣೇ ಎಂದು ಕೂಗಿ ಹೇಳಿದರು.

ಆರಿದೆ. ಟಾರ್ಚ್ ಒಂದನ್ನು ಪಂಪಿನ ಪೈಪಿಗೆ ಒರಗಿಸಿಟ್ಟಿದ್ದಾಳೆ, ಮಟಮಟ ಮಧ್ಯಾಹ್ನವಾದರೂ ಇಲ್ಲಿಗೆ ಬೆಳಕು ಇಳಿಯುವುದಿಲ್ಲ. ಮೊದಲು ಕ್ಲಾಂಪು — ಹಳೆಯ ವಯರನ್ನು ಪೈಪಿಗೆ ಬಿಗಿದ ಪಟ್ಟಿ, ಸ್ಕ್ರೂ ತುಕ್ಕು ಹಿಡಿದು ತಲೆ ಸವೆದಿದೆ, ತಿರುಗಿಸಿದರೆ ಜಾರುತ್ತದೆ, ತಿರುಗಿಸಿದರೆ ಜಾರುತ್ತದೆ. ಕನ್ನಡಕದ ಅಂಗಡಿಯಲ್ಲಿ ದಿನಕ್ಕೆ ಮೂವತ್ತು ಸ್ಕ್ರೂ ಬಿಚ್ಚುವ ಕೈ ಇದು, ಇರುವೆಯಷ್ಟು ಸ್ಕ್ರೂ, ಉಸಿರು ಬಿಟ್ಟರೆ ಹಾರಿಹೋಗುವಂಥವು, ಅವನ್ನೆಲ್ಲ ಮಾತಾಡಿಸಿ ಬಿಚ್ಚುವವಳಿಗೆ ಈ ಹೆಬ್ಬೆರಳು ಗಾತ್ರದ್ದು ಸೊಪ್ಪು ಹಾಕುತ್ತಿಲ್ಲ. ಎರಡು ವರ್ಷ ಪಂಪನ್ನು ಕೈಯಿಂದಲೇ ಓಡಿಸಿದಳು, ಅಂಗಡಿಗೆ ಹೋಗುವ ಮುಂಚೆ ಒಮ್ಮೆ, ಊಟಕ್ಕೆ ಬಂದಾಗ ಒಮ್ಮೆ, ಸಂಜೆ ಒಮ್ಮೆ, ಪ್ಲಗ್ ಹಾಕು, ನೀರು ಇಳಿಯುವ ತನಕ ಮೆಟ್ಟಿಲ ಮೇಲೆ ನಿಂತು ನೋಡು, ಪ್ಲಗ್ ಕೀಳು, ಫ್ಲೋಟ್ ಮಾತ್ರ ಸತ್ತ ವಯರಿನಲ್ಲಿ ಪೈಪಿಗೆ ನೇತಾಡಿಕೊಂಡೇ ಇತ್ತು, ಯಾರಿಗೂ ಮುಟ್ಟಲು ಬಿಡಲಿಲ್ಲ, ಹೊಸದು ಹಾಕಿಸೇ ಎಂದವರಿಗೆಲ್ಲ ಹಾಕಿಸೋಣ ಹಾಕಿಸೋಣ. ಹೋದ ವಾರ ಅಂಗಡಿಯಲ್ಲಿ ತಡವಾಯಿತು, ಒಬ್ಬ ಗಿರಾಕಿ, ಈಗ ಕಾಣುತ್ತಾ, ಈಗ, ಈ ಸಾಲು ಓದಿ, ಅವನಿಗೆ ಯಾವ ಗಾಜು ಹಾಕಿದರೂ ಕಾಣದು, ಬಂದು ನೋಡಿದರೆ ನೆಲಮಾಳಿಗೆಯಲ್ಲಿ ಕಣಕಾಲು ನೀರು, ನೀರಿನ ನಡುವೆ ಅತ್ತೆ, ಸೀರೆ ಎತ್ತಿ ಕಟ್ಟಿಕೊಂಡು, ಒದ್ದೆ ಕೈಯಲ್ಲಿ ಪಂಪಿನ ಪ್ಲಗ್ಗು, ಸಾಕೆಟ್ಟಿಗೆ ಇನ್ನೇನು ಒಂದು ಬೆರಳಿನ ದೂರ. ನಿನಗ್ಯಾಕೆ ಕಷ್ಟ ಅಂತ ನಾನೇ ಬಂದೆ ಕಣೇ. ಅವತ್ತು ಅವಳ ಜೀವ ಬಾಯಿಗೆ ಬಂದದ್ದು ಇನ್ನೂ ವಾಪಸ್ಸು ಹೋಗಿಲ್ಲ. ಮರುದಿನವೇ ಹೊಸ ಸ್ವಿಚ್ ತಂದಳು.

ಬುರುಡೆ ಬಂತೇನೇ ಹೊರಗೆ? ಇಲ್ಲ ಅತ್ತೆ, ಸ್ಕ್ರೂ ಜಾರ್ತಿದೆ. ಈ ಮನೆಯಲ್ಲಿ ಇದನ್ನು ಫ್ಲೋಟ್ ಅಂತ ಯಾರೂ ಕರೆದದ್ದಿಲ್ಲ, ಬುರುಡೆ, ಆ ಹೆಸರಿಟ್ಟದ್ದು ಅವಳ ಗಂಡ, ಹೊಸದಾಗಿ ತಂದ ದಿನ ಅದನ್ನು ತನ್ನ ಬೋಳು ತಲೆಯ ಪಕ್ಕ ಹಿಡಿದು, ನೋಡು, ಯಾವುದು ಯಾವುದು ಅಂತ ಗುರುತು ಹಿಡಿ, ಎರಡೂ ಬುರುಡೇನೇ, ಎರಡರೊಳಗೂ ಬರೀ ಗಾಳಿ ಎಂದು ನಗಿಸಿದ್ದ. ಬಸ್ಸಿನ ಚಾಲಕ, ಡಿಪೋದಲ್ಲಿ ಅವನಿಗೆ ಬುರುಡೆದಾಸ ಅಂತಲೇ ಹೆಸರು. ಬಸ್ಸಿನ ಬ್ರೇಕು ಹೋದಾಗ ಎಮ್ಮೆಯೊಂದು ಅಡ್ಡ ನಿಂತು ನಿಲ್ಲಿಸಿಕೊಟ್ಟಿತಂತೆ, ಇಳಿದು ಕೈ ಮುಗಿದರೆ ಅದು ಟಿಕೆಟ್ ಕೇಳಿತಂತೆ. ಅತ್ತೆ ಒಬ್ಬರೇ ಅದನ್ನೆಲ್ಲ ನಂಬುವಂತೆ ಕಣ್ಣರಳಿಸಿ ಕೇಳುತ್ತಿದ್ದರು, ಆಮೇಲೆ ಸೊಸೆಯ ಹತ್ತಿರ ಬಂದು, ಚಿಕ್ಕಂದಿನಿಂದಲೂ ಹೀಗೇ ಕಣೇ, ಬಾಯಿ ತೆಗೆದ್ರೆ ಬುರುಡೆ, ಒಂದು ದಿನ ನಿಜ ಹೇಳಿದ್ರೆ ನೋಡೋ ಆಸೆ. ಅವನ ಇನ್ನೊಂದು ಆಟ, ಸ್ವಿಚ್ಚು ಮುಟ್ಟಿ ಗಡಗಡ ನಡುಗುವುದು, ನಾಲಗೆ ಹೊರಗೆ, ಕಣ್ಣು ಮೇಲೆ, ಅಯ್ಯೋ ಶಾಕು ಶಾಕು. ಮೊದಲ ಸಲ ಅವಳು ಕಿರುಚಿ ಕೈಲಿದ್ದ ಪಾತ್ರೆ ಕೆಡವಿದ್ದಳು. ಮೂರನೆಯ ಸಲ ಬೈದಳು, ಆರನೆಯ ಸಲ ನಕ್ಕಳು, ಆಮೇಲೆ ತಲೆ ಎತ್ತಿಯೂ ನೋಡುತ್ತಿರಲಿಲ್ಲ.

ಸ್ಕ್ರೂ ತಿರುಗಿತು, ಕರ್ ಎಂದು, ಇನ್ನೊಂದು ಸುತ್ತು, ಇನ್ನೊಂದು, ಕ್ಲಾಂಪು ಬಿಚ್ಚಿಕೊಂಡಿತು, ಹಳೆಯ ವಯರಿನ ಮೇಲೆ ಉದ್ದಕ್ಕೂ ಕೂದಲೆಳೆಯಂಥ ಬಿರುಕು, ಉಗುರಿನಲ್ಲಿ ಒತ್ತಿದರೆ ಒಳಗಿನ ತಾಮ್ರ ಹಸಿರುಗಟ್ಟಿದ್ದು ಕಾಣುತ್ತದೆ — ಇಷ್ಟು ಸಣ್ಣ ಬಿರುಕು, ಅವಳ ಅಂಗಡಿಯಲ್ಲಾದರೆ ಭೂತಗನ್ನಡಿ ಹಿಡಿದು ಹುಡುಕಬೇಕಾದಂಥದ್ದು. ಎರಡು ವರ್ಷದ ಹಿಂದೆ, ಅವತ್ತು ಬೆಳಿಗ್ಗೆ ಪಂಪು ಹತ್ತಲಿಲ್ಲ, ಬುರುಡೆ ತೇಲ್ತಿಲ್ಲ ಕಣೆ, ನಾನು ಕೈಯಲ್ಲೇ ಎತ್ತಿ ಹಿಡಿದು ನೀರು ಖಾಲಿ ಮಾಡ್ತೀನಿ ಎಂದು ಗಂಡ ಪ್ಯಾಂಟು ಮಡಚಿಕೊಂಡು ಇಳಿದ, ಬುರುಡೆಯನ್ನು ನೀರಿನಿಂದ ಮೇಲೆತ್ತಿ ಹಿಡಿದರೆ ಪಂಪು ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ, ಓಡುವ ಸದ್ದು ಅಡುಗೆಮನೆಯ ನೆಲದಡಿಯಿಂದ ಬರುತ್ತಿತ್ತು, ಅತ್ತೆ ತಮ್ಮ ಮಗಳ ಮನೆಗೆ ಹೋಗಿದ್ದರು, ಅವಳು ಒಲೆಯ ಮುಂದೆ ಹಾಲು ಕಾಯಿಸುತ್ತಿದ್ದಳು, ಹಾಲು ಉಕ್ಕುವ ಹೊತ್ತು, ಕಣ್ಣು ತೆಗೆಯುವ ಹಾಗಿಲ್ಲ. ಕೆಳಗಿನಿಂದ ಅವನು, ಏಯ್, ಜುಮ್ ಅಂತಿದೆ ಕಣೆ ಕೈ, ಕರೆಂಟ್ ಬರ್ತಿದೆ ಅನ್ಸತ್ತೆ. ಅವಳು ತಲೆ ಎತ್ತಲಿಲ್ಲ. ನಿಜವಾಗ್ಲೂ ಕಣೆ. ಅವಳು ಹಾಲಿನ ಮೇಲೆಯೇ ಕಣ್ಣಿಟ್ಟು, ದನಿ ಎತ್ತಿ, ರೀ, ಬುರುಡೆ ಬಿಡಬೇಡಿ.

ಬುರುಡೆ ಬಿಡಬೇಡಿ. ಅವಳು ಹೇಳಿದ್ದು, ಸುಳ್ಳು ಹೇಳಬೇಡಿ, ನಿಮ್ಮ ಆಟ ನನಗೆ ಗೊತ್ತಿಲ್ಲವೇ, ಎಂದು. ಅವನ ಕೈಯಲ್ಲಿ ಬುರುಡೆ ಇತ್ತು. ಸುಮ್ಮನೆ ಅಂತ ಒಂದು ಮಾತು ಮೊದಲಿಗೆ ಸೇರಿಸಿದ್ದರೆ, ಸುಮ್ಮನೆ ಬುರುಡೆ ಬಿಡಬೇಡಿ, ಆಗ ಅರ್ಥ ಒಂದೇ ಆಗುತ್ತಿತ್ತು, ಮೂರಕ್ಷರ, ಅಥವಾ ಸುಳ್ಳು ಎಂದೇ ಅಂದಿದ್ದರೆ, ಅಥವಾ ಅವನು ಅದಕ್ಕೆ ಬೇರೆ ಹೆಸರಿಟ್ಟಿದ್ದರೆ, ಚೆಂಡು ಅಂತಲೋ ಡಬ್ಬಿ ಅಂತಲೋ, ಚೆಂಡು ಬಿಡಬೇಡಿ ಅಂತ ಯಾರು ಯಾರಿಗೆ ಹೇಳುತ್ತಾರೆ — ಹಾಲು ಉಕ್ಕಲಿಲ್ಲ, ಸರಿಯಾದ ಹೊತ್ತಿಗೆ ಒಲೆ ಆರಿಸಿದಳು, ಬನ್ನಿ ಹಾಲಾಯ್ತು ಎಂದು ಕರೆದಳು, ಉತ್ತರ ಬರಲಿಲ್ಲ, ಇದೂ ಆಟದ ಒಂದು ಭಾಗ ಎಂದುಕೊಂಡು ಲೋಟ ತೊಳೆದಳು, ಎರಡು ಲೋಟ, ಪಂಪು ಇನ್ನೂ ಓಡುತ್ತಲೇ ಇತ್ತು, ಬಹುತೇಕ ಖಾಲಿಯಾದ ಗುಂಡಿಯಲ್ಲಿ ಗಾಳಿ ಎಳೆದುಕೊಳ್ಳುವ ಒರಟು ಸದ್ದು, ಆ ಸದ್ದಿಗೆ ಅನುಮಾನ ಬಂದು ಮೇನ್ ಆರಿಸಿ ಟಾರ್ಚ್ ಹಿಡಿದು ಇಳಿದರೆ ಗೋಡೆಗೆ ಒರಗಿ ಕೂತಿದ್ದಾನೆ, ಬಲಗೈ ಪೈಪಿಗೆ ಒತ್ತಿಕೊಂಡು ಮೇಲಕ್ಕೆ, ಮುಷ್ಟಿಯಲ್ಲಿ ಬುರುಡೆ, ನೀರಿನಿಂದ ಒಂದು ಗೇಣು ಮೇಲೆ. ಪಕ್ಕದ ಬೀದಿಯ ಎಲೆಕ್ಟ್ರಿಷಿಯನ್ ಓಡಿಬಂದು ಬೆರಳುಗಳನ್ನು ಬಿಡಿಸಿದ, ಒಂದು, ಎರಡು, ಮೂರನೆಯದು ಬರಲಿಲ್ಲ, ನಾಲ್ಕನೆಯದನ್ನು ಮೊದಲು ಬಿಡಿಸಬೇಕಾಯಿತು. ಅತ್ತೆ ಬರುವಷ್ಟರಲ್ಲಿ ಕೈ ನೆಟ್ಟಗಾಗಿ ಪಕ್ಕದಲ್ಲಿ ಮಲಗಿತ್ತು. ಆ ಮುಷ್ಟಿಯನ್ನು ಅವರು ನೋಡಲಿಲ್ಲ.

ಹೊಸದು ಹಗುರ, ತಿಳಿನೀಲಿ, ಕುಲುಕಿದರೆ ಗುಂಡು ಮಾತ್ರ. ವಯರನ್ನು ಪೈಪಿಗೆ ಹಿಡಿದು, ಕ್ಲಾಂಪಿನಿಂದ ಕೆಳಗೆ ಒಂದು ಗೇಣು ಸಡಿಲ ಬಿಡಬೇಕು ಎಂದು ಡಬ್ಬಿಯ ಮೇಲೆ ಚಿತ್ರ ಬರೆದಿದ್ದಾರೆ, ಗೇಣು ಹೆಚ್ಚಾದರೆ ಗೋಡೆಗೆ ಸಿಕ್ಕಿಕೊಳ್ಳುತ್ತದೆ, ಕಡಿಮೆಯಾದರೆ ಪಂಪು ನಿಮಿಷಕ್ಕೊಮ್ಮೆ ಹತ್ತಿ ಆರುತ್ತದೆ. ಅಳೆದು ಬಿಗಿದಳು. ಎಲೆಕ್ಟ್ರಿಷಿಯನ್ ಅಂದದ್ದು, ಕರೆಂಟು ಒಂದ್ಸಲ ಹಿಡೀತು ಅಂದ್ರೆ ಮನುಷ್ಯ ಬಿಡ್ತೀನಿ ಅಂದ್ರೂ ಅದು ಬಿಡಲ್ಲ ಅಕ್ಕ, ಮುಷ್ಟಿ ಬಿಗಿದುಬಿಡತ್ತೆ, ನೀವು ಪಕ್ಕದಲ್ಲೇ ನಿಂತಿದ್ರೂ ಏನೂ ಮಾಡೋಕಾಗ್ತಿರಲಿಲ್ಲ, ಆ ಮಾತನ್ನು ಎಷ್ಟು ಭದ್ರವಾಗಿ ಕಟ್ಟಿಕೊಂಡಳು, ಬಿಡಲಾರದೆ ಹೋದ, ಬಿಡಲಾರದೆ ಹೋದ, ಅಂಗಡಿಗೆ ನಡೆಯುವ ದಾರಿಯಲ್ಲಿ ಹೆಜ್ಜೆಗೊಮ್ಮೆ ಅದನ್ನೇ ಹೇಳಿಕೊಂಡಳು. ಎಲೆಕ್ಟ್ರಿಷಿಯನ್ನಿಗೆ ಅವಳು ಹೇಳದೆ ಉಳಿಸಿಕೊಂಡದ್ದು ಒಂದಿತ್ತು. ಅತ್ತೆ ಎರಡು ವರ್ಷದಿಂದ ಕೇಳುತ್ತಿರುವುದೂ ಅದನ್ನೇ, ಬಟ್ಟೆ ಮಡಚುವಾಗ, ಅವಳು ತಲೆ ಬಾಚಿಕೊಳ್ಳುವಾಗ, ಯಾವ ಮುನ್ಸೂಚನೆಯೂ ಇಲ್ಲದೆ, ಕೊನೇಗೆ ಏನಂದ ಕಣೇ ಅವನು? ಏನೂ ಅನ್ಲಿಲ್ಲ ಅತ್ತೆ. ಒಂದು ಮಾತೂ? ಒಂದು ಮಾತೂ ಇಲ್ಲ. ನಿಜ ಹೇಳಿದರೆ ಈ ಮನೆಯಲ್ಲಿ ತನ್ನನ್ನು ಮಗಳೇ ಎಂದು ಕರೆಯುವ ದನಿ ನಿಂತುಹೋಗುತ್ತದೆ, ಆ ಒಂದೇ ಭಯ, ಆ ಭಯಕ್ಕೆ ಎರಡು ವರ್ಷ ಬುರುಡೆ ಬಿಟ್ಟಳು, ಬುರುಡೆದಾಸನ ಹೆಂಡತಿ.

ಕಟ್ಟಿದ್ಯಾ? ಕಟ್ಟಿದೆ ಅತ್ತೆ. ಅತ್ತೆ ಮೆಟ್ಟಿಲಿಳಿದು ಬಂದಿದ್ದಾರೆ, ಒಂದೊಂದೇ ಮೆಟ್ಟಿಲು, ಕೊನೆಯ ಮೆಟ್ಟಿಲ ಮೇಲೆ ಕೂತಿದ್ದಾರೆ, ನೆಲ ಮುಟ್ಟಬಾರದೆಂದು ಕಾಲು ಮೇಲಕ್ಕೆಳೆದುಕೊಂಡು, ಟಾರ್ಚಿನ ಬೆಳಕು ಅವರ ಕನ್ನಡಕದಲ್ಲಿ ಎರಡು ಚುಕ್ಕೆ, ಆ ಗಾಜು ಅವಳೇ ಉಜ್ಜಿ ಕೂರಿಸಿದ್ದು. ಬಕೆಟ್ಟಿನ ನೀರನ್ನು ಗುಂಡಿಗೆ ಸುರಿದಾಯಿತು, ಇನ್ನು ಕೈಯಲ್ಲಿರುವುದನ್ನು ನೀರಿಗೆ ಇಳಿಬಿಟ್ಟರೆ, ಮೇನ್ ಹಾಕಿ ಪ್ಲಗ್ ಚುಚ್ಚಿದರೆ, ಮುಗಿಯಿತು. ಇಲ್ಲೇ ಅಲ್ವಾ ಅವನು ಕೂತಿದ್ದು, ಎಂದರು ಅತ್ತೆ. ಹೂಂ. ಏನಂದ ಕಣೇ ಕೊನೇಗೆ, ಇವತ್ತಾದ್ರೂ ಹೇಳು, ಏನೋ ಅಂದಿರ್ತಾನೆ, ಸುಮ್ನಿರೋ ಜಾತಿಯಲ್ಲ ಅವನು. ನೀರಿನ ಮೇಲೆ ಗಾಳಿಗುಳ್ಳೆಗಳು ಒಡೆಯುತ್ತಿವೆ, ಆ ಮಾತೂ ತಳದಿಂದ ಎದ್ದು ಬರುತ್ತಿದೆ, ತಡೆಯಲಾಗದು, ತಡೆಯುವುದು ಸಾಕಾಗಿದೆ — ಅಂದ್ರು ಅತ್ತೆ. ಜುಮ್ ಅಂತಿದೆ ಅಂದ್ರು. ನಾನು, ಬುರುಡೆ ಬಿಡಬೇಡಿ ಅಂದೆ. ಅದಕ್ಕೆ ಅವರು, ಆಯ್ತು ಕಣೆ, ಬಿಡಲ್ಲ, ಅಂದ್ರು.

ಹೇಳಿಬಿಟ್ಟಳು, ಎಲ್ಲವನ್ನೂ, ಒಂದಕ್ಷರ ಬಿಡದೆ. ಆಯ್ತು ಕಣೆ, ಬಿಡಲ್ಲ, ಆಗ ಅವನಿಗೆ ಮಾತು ಬರುತ್ತಿತ್ತು, ಹಾಗಾದರೆ ಬೆರಳೂ ಬಿಚ್ಚುತ್ತಿತ್ತು, ಕರೆಂಟು ಇನ್ನೂ ಹಿಡಿದಿರಲಿಲ್ಲ, ಅವನೇ ಹಿಡಿದಿದ್ದ, ಅವಳು ಹೇಳಿದಳೆಂದು. ಅವಳು ಬೆನ್ನು ಬಾಗಿಸಿ ಕಾದಳು, ಬೈಗುಳ ಬರಲಿ, ಶಾಪ ಬರಲಿ, ಕೈಗೆ ಸಿಕ್ಕಿದ್ದು ಬರಲಿ. ಬಂದದ್ದು ನಗು. ಅತ್ತೆ ನಗುತ್ತಿದ್ದಾರೆ, ಸೆರಗಿನಿಂದ ಕಣ್ಣೊರೆಸಿಕೊಂಡು, ಬಾಯಿ ಮುಚ್ಚಿಕೊಂಡು, ಬುರುಡೆ ಬಿಡಲ್ಲ ಅಂದ್ನಾ, ನನ್ ಮಗ, ಹುಟ್ಟಿದಾಗಿಂದ ಬಿಟ್ಕೊಂಡೇ ಬಂದೋನು, ಕೊನೇ ಗಳಿಗೇಲಿ ಇನ್ನು ಬಿಡಲ್ಲ ಅಂದ್ನಾ, ನಾನು ಎಷ್ಟು ಸಲ ಹೇಳಿದ್ದೆ ಅವನಿಗೆ, ನನ್ ಮಾತು ಕೇಳ್ಲಿಲ್ಲ, ನಿನ್ ಮಾತು ಕೇಳ್ದ ನೋಡು. ಅತ್ತೆ, ಅದು ಹಾಗಲ್ಲ. ಇಷ್ಟು ಒಳ್ಳೇ ಮಾತನ್ನ ಎರಡು ವರ್ಷ ಮುಚ್ಚಿಟ್ಟಿದ್ಯಲ್ಲೇ, ಹೋಗ್ಲಿ ಬಿಡು, ಎದ್ದು ಬಾ ಮಗಳೇ, ಬಿಡು ಆ ಬುರುಡೇನ ನೀರಿಗೆ, ನಾನು ಮೇನ್ ಹಾಕ್ತೀನಿ. ಮೆಟ್ಟಿಲು ಹತ್ತುವ ಸದ್ದು, ಒಂದು, ಎರಡು, ನಿನ್ ಮಾತು ಕೇಳ್ದ, ಎಂದು ಹೇಳಿಕೊಂಡೇ ಹತ್ತುತ್ತಿದ್ದಾರೆ, ಮೂರು. ಬಿಟ್ಯೇನೇ? ಬಿಡಬೇಕು. ಬೆರಳು ಬಿಚ್ಚಿದರೆ ಸಾಕು, ವಯರಿನಲ್ಲಿ ಕರೆಂಟಿಲ್ಲ, ಎರಡೂ ಪ್ಲಗ್ ಕಿತ್ತಿದೆ, ಹಿಡಿದುಕೊಂಡಿರುವುದು ಏನೂ ಇಲ್ಲ, ಬಿಚ್ಚಿದರೆ ಸಾಕು, ಬಿಟ್ಯಾ, ಬಿಡ್ತೀನಿ, ಮುಷ್ಟಿ, ಮುಷ್ಟಿಯಲ್ಲಿ ಬುರುಡೆ, ನೀರಿನಿಂದ ಒಂದು ಗೇಣು ಮೇಲೆ.